ಗೋಲಿ ಆಟದಲ್ಲಿದೆ ನ್ಯೂಟ್ರಾನ್ ಅಳೆಯೋ ಲೆಕ್ಕ

ಲಗ್ಗೆರೆಯಿಂದ ಮಾತಾಡ್ತಿದ್ದೀನಿ, ಹಿಂದೆ ರಿಂಗ್ ರೋಡ್ ಲಾರಿ ಹಾರನ್ ಕೇಳಿದ್ರೆ ಬೇಜಾರಾಗ್ಬೇಡಿ.

ಇವತ್ತು ಕೈಗಾ ಕಡೆ ಹೋಗೋಣ. ಉತ್ತರ ಕನ್ನಡದ ಕಾಡಲ್ಲಿ, ಕಾಳಿ ನದಿ ಪಕ್ಕ, ತಲಾ 220 ಮೆಗಾವ್ಯಾಟ್‌ನ ನಾಲ್ಕು ರಿಯಾಕ್ಟರ್. ಮೊದಲನೇ ಘಟಕ 2018ರ ಕೊನೇ ದಿನದವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತ್ತು. ಯುರೇನಿಯಂ ಒಡೆದಾಗ ಅಲ್ಲಿ ಹೊರಬರೋದೇ ನ್ಯೂಟ್ರಾನ್.

ಇಂಥ ಕಡೆ ಕೆಲಸ ಮಾಡೋರಿಗೆ ಎಷ್ಟು ನ್ಯೂಟ್ರಾನ್ ತಾಗಿತು ಅಂತ ಎಣಿಸಿದ್ರೆ ಸಾಲದು, ಅವುಗಳ ಶಕ್ತಿ ಎಷ್ಟು ಅಂತಾನೂ ಗೊತ್ತಾಗ್ಬೇಕು. ದೇಹದಲ್ಲಿ ಬಿಟ್ಟ ಶಕ್ತಿ ಒಂದೇ ಆದ್ರೂ, ನಿಧಾನದ ನ್ಯೂಟ್ರಾನ್‌ನ ಅಪಾಯವನ್ನ ಗಾಮಾ ಕಿರಣದ ಎರಡೂವರೆ ಪಟ್ಟು ಅಂತ ಲೆಕ್ಕ ಹಾಕ್ತಾರೆ. ಅದೇ 1 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನದ್ದಾದ್ರೆ ಸುಮಾರು 20 ಪಟ್ಟು!

ಅಳೆಯೋ ಸಾಧನ ಏನು? ಗ್ಯಾಸ್ ತುಂಬಿದ ಲೋಹದ ಕೊಳವೆ, ನಡುವೆ ಹೈ ವೋಲ್ಟೇಜ್ ತಂತಿ. ಚಾರ್ಜ್ ಇರೋ ಕಣ ನುಗ್ಗಿದ್ರೆ ಗ್ಯಾಸ್‌ನಿಂದ ಎಲೆಕ್ಟ್ರಾನ್ ಕಿತ್ತುಬಂದು ತಂತಿಯಲ್ಲಿ ಪಲ್ಸ್ ಏಳುತ್ತೆ. ನ್ಯೂಟ್ರಾನ್‌ಗೆ ಚಾರ್ಜೇ ಇಲ್ಲ. ರಶ್ ಇರೋ ಬಿಎಂಟಿಸಿಯಲ್ಲಿ ಟಿಕೆಟ್ ತಗೊಳ್ದೆ ಇಳಿದು ಹೋದ ಹಾಗೆ ಹೋಗಿಬಿಡುತ್ತೆ.

ಅದಕ್ಕೇ ಬೋರಾನ್ ಟ್ರೈಫ್ಲೋರೈಡ್ ಗ್ಯಾಸ್ ತುಂಬ್ತಾರೆ. ಬೋರಾನ್-10 ನ್ಯೂಟ್ರಾನನ್ನ ನುಂಗಿ ಆಲ್ಫಾ ಕಣ, ಲಿಥಿಯಂ ಆಗಿ ಸಿಡಿಯುತ್ತೆ. ಪಲ್ಸ್ ಸಿಕ್ತು, ಸರಿ. ಆದ್ರೆ ಆ ಸಿಡಿತದ ಶಕ್ತಿಯೇ 20 ಲಕ್ಷ ಎಲೆಕ್ಟ್ರಾನ್ ವೋಲ್ಟ್‌ಗಿಂತ ಜಾಸ್ತಿ, ನಿಧಾನದ ನ್ಯೂಟ್ರಾನ್ ತಂದಿದ್ದು ಒಂದು ವೋಲ್ಟ್‌ನ ನಲವತ್ತನೇ ಒಂದು ಭಾಗ. ಪಟಾಕಿ ಸದ್ದು ಕೇಳಿ, ಹಚ್ಚಿದ ಬೆಂಕಿಕಡ್ಡಿ ಎಷ್ಟುದ್ದ ಇತ್ತು ಅಂತ ಹೇಳೋಕಾಗುತ್ತಾ? ಈ ಕೊಳವೆ ಎಣಿಸುತ್ತೆ ಅಷ್ಟೇ.

ವೇಗದ ನ್ಯೂಟ್ರಾನ್‌ಗೆ ಹೈಡ್ರೋಜನ್ ಅಥವಾ ಮೀಥೇನ್ ಕೊಳವೆ. ಇಲ್ಲೇ ಬರೋದು ಗೋಲಿ. ಒಂದೇ ತೂಕದ ಗೋಲಿಗೆ ನೇರ ಹೊಡೆದ್ರೆ ಹೊಡೆದಿದ್ದು ನಿಲ್ಲುತ್ತೆ, ನಿಂತಿದ್ದು ಓಡುತ್ತೆ. ನ್ಯೂಟ್ರಾನ್, ಪ್ರೋಟಾನ್ ತೂಕವೂ ಹೆಚ್ಚುಕಡಿಮೆ ಒಂದೇ. ನೇರ ತಾಗಿದ್ರೆ ಶಕ್ತಿಯೆಲ್ಲ ಪ್ರೋಟಾನ್‌ಗೆ, ಓರೆ ತಾಗಿದ್ರೆ ಸ್ವಲ್ಪ. ಹಾಗಾಗಿ ಒಂದೇ ಶಕ್ತಿಯ ನ್ಯೂಟ್ರಾನ್‌ಗಳೂ ಚಿಕ್ಕದರಿಂದ ದೊಡ್ಡದರವರೆಗೆ ಎಲ್ಲಾ ಸೈಜಿನ ಪಲ್ಸ್ ಕೊಡ್ತವೆ. ಅತಿ ದೊಡ್ಡದು ಎಲ್ಲಿ ನಿಲ್ಲುತ್ತೆ ನೋಡಿ ಹಿಂದಕ್ಕೆ ಲೆಕ್ಕ ಹಾಕ್ಬೇಕು. ನಂಗೆ ಇಷ್ಟ ಆಗೋದು ಇದೇ.

ಹೀಲಿಯಂ-3 ಇದ್ರೆ ಇನ್ನೂ ಸುಲಭ, ಕ್ರಿಯೆಯ 764 ಸಾವಿರ ಎಲೆಕ್ಟ್ರಾನ್ ವೋಲ್ಟ್‌ಗೆ ನ್ಯೂಟ್ರಾನ್ ಶಕ್ತಿ ನೇರವಾಗಿ ಸೇರುತ್ತೆ. ಆದ್ರೆ ಆ ಗ್ಯಾಸ್ ಬಲು ದುಬಾರಿ.

ಕೈಯಲ್ಲಿ ಹಿಡಿದು ಓಡಾಡೋ ಮೀಟರ್‌ಗಳಲ್ಲಿ ಕೊಳವೆ ಸುತ್ತ ದಪ್ಪ ಪಾಲಿಥೀನ್ ಗುಂಡು ಇರುತ್ತೆ. ಅದು ಶಕ್ತಿಯನ್ನ ಬಿಡಿಸಿ ಹೇಳಲ್ಲ, ಅಪಾಯಕ್ಕೆ ತಕ್ಕಷ್ಟು ಎಣಿಸುತ್ತೆ.

ಡೌಟ್ ಇದ್ರೆ ವಾಯ್ಸ್ ನೋಟ್ ಕಳಿಸಿ. ಸಿಗೋಣ.