ಒಂದು ಮಾತ್ರೆಯ ಅಂತರ



ವೈದ್ಯನಾದವನು ಮಾತ್ರೆಯ ವಿಷಯವಾಗಿ ಮಾತನಾಡುವುದು ಸಹಜವೇ. ಆದರೆ ಇಂದಿನ ನನ್ನ ವಿಷಯ ನುಂಗುವ ಮಾತ್ರೆಯಲ್ಲ, ನುಡಿಯುವ ಮಾತ್ರೆ.

ತರಬೇತಿಗೆಂದು ಜಪಾನಿಗೆ ಬಂದ ಹೊಸತರಲ್ಲಿ ದಾರಿಹೋಕರೊಬ್ಬರನ್ನು ಆಸ್ಪತ್ರೆಯೆಲ್ಲಿ ಎಂದು ಕೇಳಿದೆ. ಅವರು ಬಹು ವಿನಯದಿಂದ ನನ್ನನ್ನು ಹೆಂಗಸರ ಕೇಶಾಲಂಕಾರದ ಅಂಗಡಿಗೆ ಮುಟ್ಟಿಸಿದರು! ಆಸ್ಪತ್ರೆ ಇಲ್ಲಿ 'ಬ್ಯೋಇನ್', ನಾಲ್ಕು ಮಾತ್ರೆ. ನಾನು ಆಡಿದ್ದು 'ಬಿಯೋಇನ್', ಐದು ಮಾತ್ರೆ.

ಕ್ರಿಯಾಪದಗಳಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮವಾದುದು. 'ಕಿತ' ಎಂದರೆ ಬಂದನು. 'ಕೀತ' ಎಂದರೆ ಕೇಳಿದನು. 'ಕಿತ್ತ' ಎಂದರೆ ಕತ್ತರಿಸಿದನು. ಮೊದಲನೆಯದಕ್ಕೆ ಎರಡು ಮಾತ್ರೆ, ಉಳಿದೆರಡಕ್ಕೆ ಮೂರು ಮೂರು. ನಮ್ಮ ಛಂದಸ್ಸಿನ ನಿಯಮವನ್ನು ನೆನೆಯಿರಿ: ದೀರ್ಘಾಕ್ಷರವೂ ಒತ್ತಕ್ಷರದ ಹಿಂದಿನ ಅಕ್ಷರವೂ ಗುರು, ಅಂದರೆ ಎರಡು ಮಾತ್ರೆ. ಆ ಲೆಕ್ಕದಲ್ಲಿಯೂ ಇದೇ ಉತ್ತರ ಬರುತ್ತದೆ. ನಮ್ಮ 'ಕೀಳು' ಧಾತುವಿನ ಭೂತರೂಪವೂ 'ಕಿತ್ತ'ನೇ. ಇದು ಬಂಧುತ್ವವಲ್ಲ, ಕಾಕತಾಳೀಯ.

ಮಾತ್ರೆಯ ಜೊತೆಗೆ ಇಲ್ಲಿ ಸ್ವರದ ಏರಿಳಿತವೂ ಉಂಟು. ಟೋಕಿಯೋ ನುಡಿಯಲ್ಲಿ 'ಕಿರು' ಎಂಬುದನ್ನು ಏರಿಸಿ ಇಳಿಸಿದರೆ 'ಕತ್ತರಿಸು', ತಗ್ಗಿಸಿ ಏರಿಸಿದರೆ 'ತೊಡು'. ಇಟಲಿಯ ಭಾಷೆಯಲ್ಲಿ ಈ ಕೆಲಸವನ್ನು ಒತ್ತು ಮಾಡುತ್ತದೆ: 'ಪಾರ್ಲೊ' ಎಂದು ಮೊದಲಕ್ಷರವನ್ನು ಒತ್ತಿದರೆ 'ಮಾತನಾಡುತ್ತೇನೆ', 'ಪರ್ಲೋ' ಎಂದು ಕೊನೆಯದನ್ನು ಒತ್ತಿದರೆ 'ಮಾತನಾಡಿದನು'. ಕನ್ನಡದಲ್ಲಾದರೋ ಒತ್ತಿ ನುಡಿದ ಮಾತ್ರಕ್ಕೆ ಪದದ ಅರ್ಥ ಬದಲಾಗದು. ಹ್ರಸ್ವ ದೀರ್ಘವಾದರೆ ಬದಲಾಗುತ್ತದೆ. ಅಳುವವನು ಆಳುವವನಾಗಲು ಒಂದೇ ಮಾತ್ರೆ ಸಾಕು!

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಮಕ್ಕಳಿಗೆ ಕನ್ನಡ ಪದ್ಯವನ್ನು ನಾವು ಅನೇಕರು ರೋಮನ್ ಲಿಪಿಯಲ್ಲಿ ಬರೆದುಕೊಡುತ್ತೇವೆ. ಅವಸರದ ಆ ಬರವಣಿಗೆಯಲ್ಲಿ 'ಅಳು', 'ಆಳು' ಎರಡೂ ಒಂದೇ ಆಗಿ ಕಾಣುತ್ತವೆ. ಬರವಣಿಗೆಯಲ್ಲಿ ಕಳೆದ ಮಾತ್ರೆ ಮೆಲ್ಲನೆ ನಾಲಿಗೆಯಿಂದಲೂ ಕಳೆದುಹೋಗುತ್ತದೆ. ನನ್ನ ಮನೆಯಲ್ಲಿಯೇ ಇದು ನಡೆಯಿತು. ತಪ್ಪು ಮಕ್ಕಳದಲ್ಲ, ನನ್ನದು.

ಔಷಧಿ ದೂರವಿಲ್ಲ. ಇಲ್ಲಿ ಹೈಕು ರಚಿಸುವ ಮಕ್ಕಳು ಬೆರಳು ಮಡಿಸಿ 5, 7, 5 ಎಂದು ಮಾತ್ರೆ ಎಣಿಸುತ್ತಾರೆ. ಅವೇ ಬೆರಳುಗಳ ಮೇಲೆ ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಎಣಿಸಲು ಕಲಿಸೋಣ: ಮೊದಲ ಸಾಲಿನಲ್ಲಿ 3, 4, 3, 4, ಒಟ್ಟು 14. ಅದಕ್ಕೆ ಕನ್ನಡ ಲಿಪಿಯೇ ಬೇಕು. ದಿನಕ್ಕೊಂದು ಸಾಲು ಸಾಕು. ಈ ಮಾತ್ರೆಗೆ ಪಥ್ಯವಿಲ್ಲ, ಕಹಿಯೂ ಇಲ್ಲ.