ಮಿದುಳಿನ ಅಂಟು ಮಾತನಾಡುವುದೆ?

ಹೋದ ವರ್ಷ ಫೆಬ್ರವರಿಯಲ್ಲಿ, ವಿಜ್ಞಾನ ದಿನಕ್ಕೆ ಇನ್ನು ಎರಡು ದಿನವಿದೆ ಎನ್ನುವಾಗ, ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು ಒಂದು ದೊಡ್ಡ ನಕ್ಷೆಯನ್ನು ಸುರುಳಿ ಸುತ್ತಿಕೊಂಡು ನನ್ನ ಬಳಿಗೆ ಬಂದರು. ಮನುಷ್ಯನ ಮಿದುಳಿನ ನಕ್ಷೆ ಅದು. ಎಲ್ಲ ಭಾಗಗಳಿಗೂ ಕನ್ನಡದ ಹೆಸರನ್ನೇ ಬರೆಯಬೇಕೆಂಬುದು ಅವರ ಹಟ. "ಪಂಡಿತರೆ, ನ್ಯೂರಾನಿಗೆ ನರಕೋಶ ಅಂತ ಬರೆದಾಯಿತು. ಈ ಗ್ಲಿಯಾ ಅನ್ನೋದಕ್ಕೆ ನೀವೊಂದು ಪದ ಕೊಡಬೇಕು" ಎಂದರು. ಹಾಗೆಂದರೇನು ಎಂದು ವಿಚಾರಿಸಿದೆ. ಅದು ಗ್ರೀಕ್ ಭಾಷೆಯ ಮಾತಂತೆ, ಅಂಟು ಎಂದು ಅರ್ಥವಂತೆ; ನರಕೋಶಗಳ ನಡುವಣ ಎಡೆಯನ್ನೆಲ್ಲ ತುಂಬಿಕೊಂಡು ಅವನ್ನು ಹಿಡಿದಿಡತಕ್ಕ ಕೋಶಗಳಂತೆ. ಪದ ಹುಡುಕುವುದೆಂದರೆ ನನಗೆ ಹಬ್ಬ. ಬಡಗಿಯ ಸರೇಸು, ಹಲಸಿನ ಮೇಣ, ಜಾಲಿಯ ಗೋಂದು ಎಲ್ಲವನ್ನೂ ಮನಸ್ಸಿನಲ್ಲೇ ತೂಗಿ ನೋಡಿ, ಕಡೆಗೆ "ನರದಂಟು ಎಂದು ಬರೆಯಿರಿ ಮೇಷ್ಟರೆ" ಎಂದು ಅಪ್ಪಣೆ ಕೊಟ್ಟೆ.

ಪ್ರದರ್ಶನದ ದಿನ ಅರ್ಧ ಹುಡುಗರು ಅದನ್ನು ದಂಟಿನ ಸೊಪ್ಪಿನ ದಂಟು ಎಂದೇ ಓದಿಕೊಂಡರು. ಲೋಪಸಂಧಿಯನ್ನು ಪಾಠ ಹೇಳಿದವನು ನಾನೇ ಆದ್ದರಿಂದ ಅವರನ್ನು ಬೈಯುವಂತಿರಲಿಲ್ಲ. ಆದರೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಸರಿಯಾಗಿಯೇ ಬಿಡಿಸಿ ಓದಿ, ನಕ್ಷೆಯ ಮುಂದೆ ನಿಂತು ಕೇಳಿದಳು: "ಸಾರ್, ಇದು ಜೀವಕೋಶ ಅಂತೀರಿ, ಅಂಟು ಅಂತಲೂ ಅಂತೀರಿ. ಜೀವ ಇರೋದು ಬರೀ ಅಂಟಿಕೊಂಡು ಸುಮ್ಮನೆ ಕೂತಿರುತ್ತಾ?" ನಾನು, "ಹಿಡಿದಿಡುವುದೇ ಅದರ ಕೆಲಸವಮ್ಮ, ಮುಂದಕ್ಕೆ ನಡಿ" ಎಂದೆ. ಹಾಗೆ ಅಂದದ್ದು ತಪ್ಪು. ಬೇಸಗೆಯ ರಜೆಯಲ್ಲಿ ಮೇಷ್ಟರಿಂದ ಪುಸ್ತಕಗಳನ್ನು ಕಡ ತಂದು ಓದಿದ ಮೇಲೆ ಅದು ಎಷ್ಟು ದೊಡ್ಡ ತಪ್ಪು ಎಂಬುದು ತಿಳಿಯಿತು. ನನಗಿಂತ ದೊಡ್ಡವರು ನೂರು ವರ್ಷಕ್ಕೂ ಮಿಗಿಲಾಗಿ ಮಾಡಿದ ತಪ್ಪು ಅದು.

ಆ ಹೆಸರನ್ನು ಇಟ್ಟವರು ಜರ್ಮನಿಯ ರುಡಾಲ್ಫ್ ವಿರ್ಕೋ. ರೋಗದ ಮೂಲವನ್ನು ಜೀವಕೋಶದಲ್ಲಿ ಹುಡುಕಬೇಕೆಂದು ವೈದ್ಯಲೋಕಕ್ಕೆ ಕಲಿಸಿಕೊಟ್ಟ ಮಹಾಶಯರು. 1856ರಲ್ಲಿ ಅವರು ಮಿದುಳಿನ ಈ ಮೆತ್ತನೆಯ ಪದಾರ್ಥಕ್ಕೆ ನ್ಯೂರೋಗ್ಲಿಯಾ ಎಂದು ನಾಮಕರಣ ಮಾಡಿದರು. ಕಿಟಕಿಯ ಗಾಜು ಅಲುಗದಂತೆ ಮೆತ್ತುವ ಪುಟ್ಟಿ ಇದೆಯಲ್ಲ, ಅಂಥದೊಂದು ಎಂಬುದು ಅವರ ಭಾವನೆ. ಆಮೇಲೆ ಇಟಲಿಯ ಗಾಲ್ಜಿ 1873ರಲ್ಲಿ ಬೆಳ್ಳಿಯ ಲವಣದಿಂದ ಕೋಶಗಳಿಗೆ ಕಪ್ಪು ಬಣ್ಣ ಕಟ್ಟುವ ವಿಧಾನವನ್ನು ಕಂಡುಹಿಡಿದರು. ಸ್ಪೇನಿನ ಕಹಾಲ್ ಅದನ್ನು ತಿದ್ದಿ ಬೆಳೆಸಿದರು. 1913ರಲ್ಲಿ ಕಹಾಲರು ಚಿನ್ನದ ಲವಣವನ್ನು ಬಳಸಿ ನೋಡಿದಾಗ ಪುಟ್ಟಿಯ ಬದಲು ಚುಕ್ಕಿಗಳು ಕಂಡವು. ನಡುವೆ ಒಂದು ಒಡಲು, ಸುತ್ತಲೂ ಕಿರಣದಂತೆ ಚಾಚಿದ ಕೈಗಳು; ಒಂದು ಕೈ ರಕ್ತನಾಳವನ್ನು ಹಿಡಿದಿದೆ, ಉಳಿದವು ನರಕೋಶಗಳ ಕಡೆಗೆ ಚಾಚಿವೆ. ಆ ರೂಪದಿಂದಲೇ ಅವಕ್ಕೆ ಆಸ್ಟ್ರೊಸೈಟ್ ಎಂಬ ಹೆಸರು. ನಾವು ತಾರಾಕೋಶ ಎನ್ನೋಣ. ಗ್ಲಿಯಾ ಕುಲದಲ್ಲಿ ಬೇರೆ ಬಗೆಗಳೂ ಉಂಟು. ನರತಂತುವಿಗೆ ತಂತಿಯ ಮೇಲಣ ರಬ್ಬರಿನಂತೆ ಹೊದಿಕೆ ಸುತ್ತುವವು ಕೆಲವು, ಕಸ ಗುಡಿಸಿ ಕಾವಲು ಕಾಯುವವು ಕೆಲವು. ಇವತ್ತಿನ ಮಾತು ತಾರಾಕೋಶದ್ದು.

ಇವು ಎಷ್ಟಿವೆ? ಒಂದು ನರಕೋಶಕ್ಕೆ ಹತ್ತು ಗ್ಲಿಯಾ ಎಂದು ಹಳೆಯ ಪುಸ್ತಕಗಳಲ್ಲಿ ಓದುತ್ತಿದ್ದೆವು. 2009ರಲ್ಲಿ ಬ್ರೆಜಿಲಿನ ಸುಜಾನಾ ಹರ್ಕ್ಯುಲಾನೊ ಹೌಸೆಲ್ ಮತ್ತು ಸಂಗಡಿಗರು ಮಿದುಳನ್ನು ಸಾರಿನಂತೆ ಕದಡಿ, ಅದರಲ್ಲಿ ತೇಲುವ ಕೋಶಬೀಜಗಳನ್ನು ಎಣಿಸಿದರು. ನರಕೋಶಗಳು ಸುಮಾರು 8,600 ಕೋಟಿ. ನರಕೋಶಗಳಲ್ಲದವು ಹೆಚ್ಚುಕಡಮೆ ಅಷ್ಟೇ. ಹತ್ತಕ್ಕೊಂದರ ಲೆಕ್ಕ ಬಿದ್ದುಹೋಯಿತು. ಆದರೂ ಮಿದುಳಿನ ಅರ್ಧದಷ್ಟು ಕೋಶಗಳು ಸುಮ್ಮನೆ ಅಂಟಾಗಿ ಕುಳಿತಿವೆ ಎಂದರೆ ನಂಬುವುದು ಕಷ್ಟವೇ. ಹುಡುಗಿ ಕೇಳಿದ್ದೂ ಅದನ್ನೇ.

ಈಗ ನರಕೋಶಗಳು ಹೇಗೆ ಮಾತನಾಡುತ್ತವೆ ಎಂಬುದನ್ನು ಸ್ವಲ್ಪ ನೋಡಬೇಕು. ಒಂದು ನರಕೋಶದ ಉದ್ದಕ್ಕೂ ಸುದ್ದಿ ವಿದ್ಯುತ್ತಾಗಿ ಹರಿಯುತ್ತದೆ. ಆದರೆ ಅದರ ತುದಿ ಮುಂದಿನ ಕೋಶವನ್ನು ಮುಟ್ಟುವುದಿಲ್ಲ. ನಡುವೆ ಒಂದು ಮಿಲಿಮೀಟರಿನ ಐವತ್ತು ಸಾವಿರದ ಒಂದು ಪಾಲಿನಷ್ಟು ಬಿರುಕು ಇರುತ್ತದೆ. ಈ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ವ್ಯಾಕರಣದವನಾದ ನಾನು ಸಂಧಿ ಎನ್ನುತ್ತೇನೆ. ಬಿರುಕನ್ನು ಸುದ್ದಿ ದಾಟುವುದು ಹೇಗೆ? ಆಸ್ಟ್ರಿಯದ ಗ್ರಾತ್ಸ್ ನಗರದ ಆಟೋ ಲೋವಿ ಇದಕ್ಕೆ ಒಂದು ಪ್ರಯೋಗವನ್ನು ಕನಸಿನಲ್ಲಿ ಕಂಡರಂತೆ. ನಡುರಾತ್ರಿ ಎದ್ದು ಕಾಗದದ ಮೇಲೆ ಗೀಚಿಟ್ಟು ಮಲಗಿದರು. ಬೆಳಗ್ಗೆ ನೋಡಿದರೆ ತಮ್ಮ ಬರಹ ತಮಗೇ ತಿಳಿಯದು. ಮಾರನೆಯ ರಾತ್ರಿ ಅದೇ ಕನಸು ಮತ್ತೆ ಬಿತ್ತು. ಈ ಸಲ ಮಲಗದೆ ನೆಟ್ಟಗೆ ಪ್ರಯೋಗಶಾಲೆಗೆ ನಡೆದರು. ಎರಡು ಕಪ್ಪೆಗಳ ಮಿಡಿಯುವ ಗುಂಡಿಗೆಗಳನ್ನು ಬೇರೆ ಬೇರೆ ಇಟ್ಟು, ಒಂದರ ನರವನ್ನು ಕೆರಳಿಸಿದರು. ಅದರ ಬಡಿತ ನಿಧಾನವಾಯಿತು. ಅದನ್ನು ತೋಯಿಸಿದ್ದ ದ್ರವವನ್ನು ತೆಗೆದು ಎರಡನೆಯದರ ಮೇಲೆ ಹನಿಸಿದರು. ನರದ ಸಂಬಂಧವೇ ಇಲ್ಲದ ಆ ಗುಂಡಿಗೆಯೂ ನಿಧಾನವಾಯಿತು. ಸುದ್ದಿಯನ್ನು ಒಯ್ದದ್ದು ದ್ರವದಲ್ಲಿದ್ದ ರಾಸಾಯನಿಕ ಎಂದು ಸಿದ್ಧವಾಯಿತು. 1921ರಲ್ಲಿ ಇದು ಪ್ರಕಟವಾಯಿತು. 1936ರಲ್ಲಿ ಹೆನ್ರಿ ಡೇಲ್ ಅವರೊಡನೆ ಲೋವಿಗೆ ನೊಬೆಲ್ ಬಹುಮಾನ ಬಂದಿತು.

ಸರಿ, ನರಕೋಶಗಳ ಮಾತು ರಾಸಾಯನಿಕ. ಆದರೆ ಅದನ್ನು ಕದ್ದು ಕೇಳಲು ವಿಜ್ಞಾನಿಗಳ ಕೈಯಲ್ಲಿದ್ದ ಕಿವಿ ಮಾತ್ರ ವಿದ್ಯುತ್ತಿನದು. ಕೋಶಕ್ಕೆ ಸೂಕ್ಷ್ಮವಾದ ಮೊನೆಯನ್ನು ಚುಚ್ಚಿ, ವಿದ್ಯುತ್ತು ಚಿಮ್ಮುವುದನ್ನು ಆಲಿಸುತ್ತಿದ್ದರು. ನರಕೋಶದಲ್ಲಿ ಚಟಪಟ ಎನ್ನುತ್ತಿತ್ತು. ತಾರಾಕೋಶಕ್ಕೆ ಚುಚ್ಚಿದರೆ ನಿಶ್ಶಬ್ದ. ಇದು ಮೂಕ, ಬರಿಯ ಊಳಿಗದ ಆಳು ಎಂದು ತೀರ್ಮಾನವಾಯಿತು. ನರಕೋಶಕ್ಕೆ ಆಹಾರ ಒದಗಿಸುತ್ತದೆ, ಹೆಚ್ಚಾದ ಪೊಟ್ಯಾಸಿಯಂ ಹೀರುತ್ತದೆ, ಸಂಧಿಯಲ್ಲಿ ಚೆಲ್ಲಿದ ರಾಸಾಯನಿಕವನ್ನು ಗುಡಿಸುತ್ತದೆ, ಅಷ್ಟೆ. ಇವೆಲ್ಲ ನಿಜವೇ. ಆದರೆ ನಿಮ್ಮ ರೇಡಿಯೋವನ್ನು ಮೀಡಿಯಂ ವೇವಿನಲ್ಲಿಟ್ಟು, ಶಾರ್ಟ್ ವೇವಿನ ನಿಲಯ ಕೇಳಿಸಲಿಲ್ಲವಾದ್ದರಿಂದ ಅಂಥ ನಿಲಯವೇ ಇಲ್ಲವೆಂದರೆ ಹೇಗೆ?

ಮುಳ್ಳು ಬೇರೆ ತರಂಗಕ್ಕೆ ತಿರುಗಿದ್ದು 1990ರಲ್ಲಿ. ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿದರೆ ಹೊಳೆಯುವ ಒಂದು ಬಗೆಯ ಬಣ್ಣ ಅಷ್ಟು ಹೊತ್ತಿಗೆ ಬಂದಿತ್ತು. ಅಮೆರಿಕದ ಏಲ್ ವಿಶ್ವವಿದ್ಯಾನಿಲಯದಲ್ಲಿ ಆನ್ ಕಾರ್ನೆಲ್ ಬೆಲ್, ಸ್ಟೀಫನ್ ಸ್ಮಿತ್ ಮತ್ತಿತರರು ಗಾಜಿನ ತಟ್ಟೆಯಲ್ಲಿ ಬೆಳೆಸಿದ ತಾರಾಕೋಶಗಳಿಗೆ ಆ ಬಣ್ಣ ಹಾಕಿ, ನರಕೋಶಗಳು ಮಾತಿಗೆ ಬಳಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸೇರಿಸಿದರು. ಒಂದು ಕೋಶ ಬೆಳಗಿತು, ಅದರ ಪಕ್ಕದ್ದು, ಅದರ ಆಚೆಯದು. ದೀಪದ ಸಾಲಿಗೆ ಒಂದೊಂದಾಗಿ ಬತ್ತಿ ಹಚ್ಚಿದಂತೆ ಅಲೆ ಸರಿಯಿತು. ಮೂಕಕೋಶ ನರದ ಮಾತನ್ನು ಕೇಳಿಸಿಕೊಂಡಿತ್ತು. ವೇಗ ಮಾತ್ರ ಬಲು ಕಡಮೆ. ನರದ ಸುದ್ದಿ ಸೆಕೆಂಡಿಗೆ ನೂರು ಮೀಟರಿನವರೆಗೂ ಓಡಬಲ್ಲದು. ಈ ಅಲೆಗೆ ಒಂದು ಮಿಲಿಮೀಟರ್ ದಾಟಲು ಸುಮಾರು ಒಂದು ನಿಮಿಷ ಬೇಕು. ಒಂದು ತಂತಿ, ಇನ್ನೊಂದು ಕಾಲ್ನಡೆಯ ಟಪಾಲು.

ಕೇಳಿಸಿಕೊಂಡದ್ದಾಯಿತು; ಮರಳಿ ಉತ್ತರ ಕೊಡುವುದೆ? 1994ರಲ್ಲಿ ಅಯೋವ ಪ್ರಾಂತದ ವ್ಲಾದಿಮಿರ್ ಪಾರ್ಪುರ, ಫಿಲಿಪ್ ಹೇಡನ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿದರು. ಪ್ರಯೋಗ ಸರಳ, ಆದ್ದರಿಂದಲೇ ಚೆಲುವಾದದ್ದು. ಬ್ರಾಡಿಕೈನಿನ್ ಎಂಬ ಪದಾರ್ಥ ತಾರಾಕೋಶವನ್ನು ಕೆರಳಿಸುತ್ತದೆ. ಬರಿಯ ನರಕೋಶಗಳಿದ್ದ ತಟ್ಟೆಗೆ ಅದನ್ನು ಹಾಕಿದರೆ ಅವು ಮಿಸುಕಲಿಲ್ಲ. ತಾರಾಕೋಶಗಳೂ ಇದ್ದ ತಟ್ಟೆಗೆ ಹಾಕಿದರೆ ಮೊದಲು ತಾರಾಕೋಶ ಬೆಳಗಿತು, ಅದು ಗ್ಲುಟಮೇಟನ್ನು ಹೊರಗೆ ಬಿಟ್ಟಿತು, ಬಳಿಕ ಪಕ್ಕದ ನರಕೋಶ ಎಚ್ಚೆತ್ತಿತು. ಗ್ಲುಟಮೇಟನ್ನು ಹಿಡಿಯುವ ನರಕೋಶದ ಬಾಗಿಲುಗಳನ್ನು ಔಷಧದಿಂದ ಮುಚ್ಚಿದರೆ ಎಚ್ಚರವಾಗಲಿಲ್ಲ.

1999ರಲ್ಲಿ ಇದೇ ಗುಂಪಿನವರು ಸಂಧಿಯಲ್ಲಿ ಪಾಲುದಾರರು ಇಬ್ಬರಲ್ಲ, ಮೂವರು ಎಂದು ಸಾರಿದರು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಮನೆ ಎಂಬುದಕ್ಕೆ ಅನ್ನು ಸೇರುವಾಗ ನಡುವೆ ಒಂದು ಯಕಾರ ತಾನಾಗಿ ಬಂದು ಮನೆಯನ್ನು ಎಂದಾಗುವುದಿಲ್ಲವೆ? ಮಿದುಳಿನದೂ ಆಗಮಸಂಧಿಯೇ ಸರಿ. ಹೋಲಿಕೆಯನ್ನು ಬಹಳ ಎಳೆಯಬಾರದು. ನಮ್ಮ ಯಕಾರ ಎರಡು ಸ್ವರಗಳ ನಡುವೆ ನಿಲ್ಲುವುದು ಒಂದೇ ಕಡೆ. ಇಲಿಯ ಒಂದು ತಾರಾಕೋಶವಾದರೊ ಲಕ್ಷದಷ್ಟು ಸಂಧಿಗಳನ್ನು ಮುಟ್ಟಿಕೊಂಡಿರುತ್ತದೆ. ಮನುಷ್ಯನದು ಇಪ್ಪತ್ತು ಲಕ್ಷದವರೆಗೂ.

ತಾರಾಕೋಶ ಬಿಡುವುದು ಗ್ಲುಟಮೇಟ್ ಒಂದೇ ಅಲ್ಲ. ಎ.ಟಿ.ಪಿ. ಎಂಬುದನ್ನು ಬಿಡುತ್ತದೆ, ಅದು ಹೊರಗೆ ಒಡೆದು ಅಡಿನೊಸಿನ್ ಆಗುತ್ತದೆ. ಅಡಿನೊಸಿನ್ ಸಂಧಿಗಳ ಗದ್ದಲವನ್ನು ತಗ್ಗಿಸುತ್ತದೆ, ನಿದ್ದೆಯನ್ನು ಕರೆಯುತ್ತದೆ. ಬೆಳಗಿನ ಕಾಫಿಯ ಗುಟ್ಟು ಇಲ್ಲಿದೆ: ಕೆಫೀನ್ ಹೋಗಿ ಅಡಿನೊಸಿನ್ ಕೂರತಕ್ಕ ಪೀಠದಲ್ಲಿ ತಾನೇ ಕುಳಿತುಬಿಡುತ್ತದೆ. 2009ರಲ್ಲಿ, ತಾರಾಕೋಶದ ಬಾಯಿ ಕಟ್ಟುವಂತೆ ವಂಶವಾಹಿಯನ್ನು ತಿದ್ದಿದ ಇಲಿಗಳನ್ನು ನಿದ್ದೆಗೆಡಿಸಿ ನೋಡಿದಾಗ, ಅವುಗಳಲ್ಲಿ ನಿದ್ದೆಯ ಒತ್ತಡ ಎಂದಿನಷ್ಟು ಏರಲಿಲ್ಲ. ಇನ್ನೊಂದು ದೂತ ಡಿ-ಸೆರೀನ್. ನೆನಪು ಊರುವ ಕಡೆ ಇರುವ ಒಂದು ಬಗೆಯ ಬಾಗಿಲು ಬ್ಯಾಂಕಿನ ಲಾಕರಿನಂತೆ; ಅದನ್ನು ತೆರೆಯಲು ಎರಡು ಕೀಲಿ ಬೇಕು. ಒಂದು ಕೀಲಿ ಗ್ಲುಟಮೇಟ್, ಇನ್ನೊಂದು ಡಿ-ಸೆರೀನ್ ಆಗಬಹುದು. 2010ರಲ್ಲಿ ಒಂದೇ ಒಂದು ತಾರಾಕೋಶದ ಕ್ಯಾಲ್ಸಿಯಂ ಏರಿಳಿತವನ್ನು ತಡೆದಾಗ ಸುತ್ತಲ ಸಂಧಿಗಳು ಬಲಗೊಳ್ಳದೆ ಹೋದುದನ್ನೂ, ಹೊರಗಿನಿಂದ ಡಿ-ಸೆರೀನ್ ಹಾಕಿದಾಗ ಮತ್ತೆ ಬಲಗೊಂಡುದನ್ನೂ ಕಂಡರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸೊಗಸು, ಆದರೆ ಸತ್ಯಕ್ಕೆ ಊನ. ಅದೇ 2010ರಲ್ಲಿ ಕೆನ್ ಮೆಕಾರ್ಥಿ, ಟಾಡ್ ಫಿಯಾಕೊ ಮೊದಲಾದವರು ಇಲಿಗಳ ತಾರಾಕೋಶದಲ್ಲಿ ಕ್ಯಾಲ್ಸಿಯಮನ್ನು ಏರಿಸಿ ನೋಡಿದರು, ಏರದಂತೆ ಮಾಡಿಯೂ ನೋಡಿದರು. ಸಂಧಿಗಳ ನಡವಳಿಕೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ತಟ್ಟೆಯಲ್ಲಿ ಕಂಡದ್ದು ಬೇರೆ, ಬದುಕಿರುವ ಮಿದುಳು ಬೇರೆ ಎಂಬುದು ಅವರ ವಾದ. ಡಿ-ಸೆರೀನನ್ನು ತಯಾರಿಸುವುದು ಮುಖ್ಯವಾಗಿ ನರಕೋಶಗಳೇ ಎಂದರು ಇನ್ನು ಕೆಲವರು. ನಿದ್ದೆಯ ಪ್ರಯೋಗದ ಇಲಿಗಳಿದ್ದುವಲ್ಲ, ಅಂಥವುಗಳಲ್ಲಿ ತಿದ್ದುಪಡಿ ತಾರಾಕೋಶದಲ್ಲಷ್ಟೇ ಅಲ್ಲದೆ ನರಕೋಶಗಳಲ್ಲೂ ಸೇರಿಕೊಂಡಿತ್ತು ಎಂದು 2014ರಲ್ಲಿ ಬೇರೊಂದು ಪ್ರಯೋಗಶಾಲೆಯವರು ತೋರಿಸಿದರು. ಹಾಗಾದರೆ ಬಾಯಿ ಕಟ್ಟಿದ್ದು ಯಾರದು? ಪಂಡಿತರಿಗೆ ಇಂಥ ಜಗಳ ಹೊಸದಲ್ಲ. ಶಾಸನದ ಸವೆದ ಅಕ್ಷರವೊಂದನ್ನು ಪಕಾರವೆಂದು ಓದಬೇಕೊ ವಕಾರವೆಂದು ಓದಬೇಕೊ ಎಂದು ಇಬ್ಬರು ವಿದ್ವಾಂಸರು ಮುಖ ನೋಡದಂತಾದುದನ್ನು ನಾನೇ ಕಂಡಿದ್ದೇನೆ.

2023ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ವಿಶ್ವವಿದ್ಯಾನಿಲಯದ ಆಂಡ್ರಿಯ ವೊಲ್ಟೆರ ಮತ್ತು ಸಂಗಡಿಗರು ಒಂದು ನಡುದಾರಿಯನ್ನು ತೋರಿದ್ದಾರೆ. ಗ್ಲುಟಮೇಟನ್ನು ತುಂಬಿ ಹೊರಗೆ ಬಿಡತಕ್ಕ ಸಲಕರಣೆ ಎಲ್ಲ ತಾರಾಕೋಶಗಳಲ್ಲೂ ಇಲ್ಲವಂತೆ. ಕೆಲವದರಲ್ಲಿ ಮಾತ್ರ ಇದೆಯಂತೆ, ಅವೂ ಕೆಲವು ಕಡೆ ಗುಂಪಾಗಿ ಇವೆಯಂತೆ. ಆ ಸಲಕರಣೆಯನ್ನು ಕಿತ್ತ ಇಲಿಗಳಲ್ಲಿ ನೆನಪು ಕುಂದಿತು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಏಕೆ ಕಾಣಲಿಲ್ಲ ಎಂಬುದಕ್ಕೆ ಇದು ಒಪ್ಪತಕ್ಕ ಕಾರಣವೆಂದು ನನಗೆ ತೋರುತ್ತದೆ. ಊರಿನಲ್ಲಿ ಎಲ್ಲರೂ ಹಾಡುವುದಿಲ್ಲ. ಹಾಡುವವರ ಬೀದಿಗೆ ಹೋದವನು ಇದು ಗಾಯಕರ ಊರು ಎನ್ನುತ್ತಾನೆ, ಇನ್ನೊಂದು ಬೀದಿಗೆ ಹೋದವನು ಅಲ್ಲ ಎನ್ನುತ್ತಾನೆ. ಈ ವ್ಯಾಜ್ಯ ಬರಿಯ ಪಂಡಿತರದಲ್ಲ. ಮೂರ್ಛೆರೋಗದ ಔಷಧಗಳಲ್ಲಿ ಹೆಚ್ಚಿನವು ನರಕೋಶವನ್ನು ಗುರಿಯಿಟ್ಟುಕೊಂಡೇ ಹುಟ್ಟಿದವು, ಮತ್ತು ಅವು ಹಿಡಿಯದ ರೋಗಿಗಳು ಬಹಳ ಮಂದಿ ಇದ್ದಾರೆ. ಮೂರನೆಯ ಪಾಲುದಾರ ನಿಜವಾಗಿ ಇದ್ದರೆ ಔಷಧ ಹುಡುಕುವವರಿಗೆ ಇನ್ನೊಂದು ಬಾಗಿಲು ದೊರೆಯುತ್ತದೆ.

ಈ ವರ್ಷದ ಪ್ರದರ್ಶನಕ್ಕೆ ಮೇಷ್ಟರು ಅದೇ ನಕ್ಷೆಯನ್ನು ತೆಗೆದರು. ನರದಂಟು ಎಂಬುದರ ಮೇಲೆ ಬಿಳಿಯ ಕಾಗದ ಅಂಟಿಸಿ, ಗ್ಲಿಯಾ ಎಂದೇ ಬರೆದೆವು. ನರಕೋಶದಿಂದ ತಾರಾಕೋಶಕ್ಕೆ ಒಂದು ಬಾಣ ಎಳೆದೆವು. ತಾರಾಕೋಶದಿಂದ ನರಕೋಶಕ್ಕೆ ಮರಳುವ ಬಾಣವನ್ನು ಎಳೆಯುವುದೊ ಬೇಡವೊ ಎಂದು ಮೇಷ್ಟರಿಗೂ ನನಗೂ ಅರ್ಧ ಗಂಟೆ ಚರ್ಚೆ ನಡೆಯಿತು. ಕಡೆಗೆ ಚುಕ್ಕಿಗೆರೆಯಲ್ಲಿ ಎಳೆದೆವು. ಆ ಹುಡುಗಿ ಈಗ ಹತ್ತನೆಯ ತರಗತಿ. ಬಂದು ನೋಡಿದಳು. "ಸಾರ್, ಇದು ಯಾಕೆ ಚುಕ್ಕಿ ಚುಕ್ಕಿ?" ಎಂದಳು. ಈ ಸಲ ನಾನು ಮುಂದಕ್ಕೆ ನಡಿ ಎನ್ನಲಿಲ್ಲ. ಬೆಂಚೊಂದನ್ನು ಎಳೆದು ಕೂರಿಸಿ, ಕಪ್ಪೆಯ ಗುಂಡಿಗೆಯಿಂದ ಆರಂಭಿಸಿದೆ.