ತೊಟ್ಟಿಲ ಪಕ್ಕದ ಇನ್ನೊಂದು ಮಗು

ಪಂಚತಂತ್ರದ ಮುಂಗುಸಿಯ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಕೂಸನ್ನು ಮಲಗಿಸಿ, ಗಂಡನಿಗೆ ಒಪ್ಪಿಸಿ, ಬ್ರಾಹ್ಮಣನ ಹೆಂಡತಿ ನೀರಿಗೆ ಹೋಗುತ್ತಾಳೆ. ಕಾಯಬೇಕಾಗಿದ್ದ ಗಂಡನೂ ಭಿಕ್ಷೆಗೆಂದು ಹೊರಟುಬಿಡುತ್ತಾನೆ. ಸಾಕಿದ ಮುಂಗುಸಿ ಹಾವನ್ನು ಕೊಂದು, ರಕ್ತ ಮೆತ್ತಿದ ಬಾಯಿಯೊಡನೆ ತಾಯಿಯ ಬಳಿಗೆ ಓಡಿಬರುತ್ತದೆ. ಅವಳು ನೀರಿನ ಕೊಡವನ್ನೇ ಅದರ ಮೇಲೆ ಎತ್ತಿಹಾಕುತ್ತಾಳೆ. ದುಡುಕಬಾರದೆಂಬ ನೀತಿಗಾಗಿ ಈ ಕಥೆಯನ್ನು ಹೇಳುತ್ತ ಬಂದಿದ್ದೇವೆ. ಆದರೆ ಸಂಸ್ಕೃತದ ಪಾಠವೊಂದರಲ್ಲಿ ಬರುವ ಒಂದು ವಿವರವನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಆ ತಾಯಿ ಮುಂಗುಸಿಗೂ ಮೊಲೆಹಾಲನ್ನೇ ಊಡಿಸಿ ಮಗನಂತೆ ಬೆಳೆಸಿದ್ದಳು. ಆದರೂ ಕೂಸಿನ ಬಳಿ ಅದನ್ನು ನಂಬಿ ಬಿಡುತ್ತಿರಲಿಲ್ಲ. ಈ ಮಾತನ್ನು ಓದಿದ ಮೇಲೆ ಮುಂಗುಸಿ ಬರಿಯ ಪ್ರಾಣಿಯಾಗಿ ಉಳಿಯುವುದಿಲ್ಲ. ಅದು ಆ ಮನೆಯ ಹಿರಿಯ ಮಗು.

ಎರಡು ಮಕ್ಕಳಿರುವ ಯಾವ ಮನೆಗಾದರೂ ಮಧ್ಯಾಹ್ನದ ಹೊತ್ತು ಹೋಗಿ ನೋಡಿ. ಕೂಸು ಆಗತಾನೇ ನಿದ್ರೆಹೋಗಿರುತ್ತದೆ. ಆ ಕ್ಷಣದಿಂದ ಹಿರಿಯ ಮಗುವಿನ ನಡಿಗೆ, ನಗು, ಹಾಡು ಎಲ್ಲವೂ ಅಪರಾಧ. ತೊಟ್ಟಿಲಿನಿಂದ ಅಳು ಕೇಳಿಬಂದರೆ ಅಡುಗೆಮನೆಯಿಂದ ಹೊರಡುವ ಮೊದಲ ಮಾತು, “ಏನು ಮಾಡಿದೆಯೇ ಪಾಪುವಿಗೆ?” ಎಂಬುದು. ಬಾಯಿಗೆ ರಕ್ತ ಮೆತ್ತಿರಬೇಕೆಂದೂ ಇಲ್ಲ, ತೊಟ್ಟಿಲ ಬಳಿ ನಿಂತಿದ್ದರೆ ಸಾಕು.

ಈ ವಿಷಯವನ್ನು ನಾನು ದೂರದಿಂದ ಹೇಳುತ್ತಿಲ್ಲ. ೨೦೧೭ರ ಕಾನೂನು ತಿದ್ದುಪಡಿಯಿಂದ ನೌಕರಿಯ ತಾಯಂದಿರ ಹೆರಿಗೆ ರಜೆ ೧೨ ವಾರಗಳಿಂದ ೨೬ ವಾರಗಳಿಗೆ ಏರಿತು. ದೊಡ್ಡ ಉಪಕಾರವೇ ಸರಿ. ಆದರೆ ೨೭ನೆಯ ವಾರ ಬಂದೇ ಬರುತ್ತದೆ. ಹಾಗೆ ಬಂದಾಗ, ಆರು ತಿಂಗಳು ದಾಟಿದ ಕೂಸನ್ನೂ ಅದರ ಐದು ವರ್ಷದ ಅಕ್ಕನನ್ನೂ ಮಧ್ಯಾಹ್ನ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತು. ತರಗತಿಯಲ್ಲಿ ನಿದ್ರಿಸುವವರನ್ನು ಎಬ್ಬಿಸುತ್ತ ಆಯುಷ್ಯ ಕಳೆದವನಿಗೆ, ನಿದ್ರಿಸುವವರನ್ನು ಎಬ್ಬಿಸದಿರುವ ಉದ್ಯೋಗ!

‘ಕಾಯ್’ ಎಂಬ ಧಾತುವಿಗೆ ಹಳಗನ್ನಡದಲ್ಲಿ ರಕ್ಷಿಸು ಎಂಬ ಅರ್ಥವೂ ಇದೆ, ಬಿಸಿಯಾಗು, ಸಿಟ್ಟಾಗು ಎಂಬ ಅರ್ಥವೂ ಇದೆ. ಒಂದು ಮಗುವನ್ನು ಕಾಯುತ್ತ ಇನ್ನೊಂದರ ಮೇಲೆ ಕಾಯುವುದು ಎಷ್ಟು ಸುಲಭವೆಂಬುದು ನಿಘಂಟಿನ ಈ ಪುಟಕ್ಕೆ ಮೊದಲೇ ತಿಳಿದಿತ್ತೆಂದು ತೋರುತ್ತದೆ.

ಮಲಗಿದ ಕೂಸಿಗೆ ನಿಜವಾಗಿ ಬೇಕಾದದ್ದು ಕಡಿಮೆ. ನಾಲ್ಕರಿಂದ ಹನ್ನೊಂದು ತಿಂಗಳ ಶಿಶುವಿಗೆ ದಿನಕ್ಕೆ ೧೨ರಿಂದ ೧೬ ಗಂಟೆಯ ನಿದ್ರೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಹೇಳಿತು. ಹಗಲಿನ ತೂಕಡಿಕೆಯೂ ಈ ಲೆಕ್ಕದೊಳಗೇ. ಹಾಸಿಗೆ ಗಟ್ಟಿಯಾಗಿ ಸಮತಲವಾಗಿರಬೇಕು, ಕೂಸು ಅಂಗಾತ ಮಲಗಬೇಕು. ಬ್ರಿಟನ್ನಿನಲ್ಲಿ ೧೯೯೧ರಿಂದ, ಅಮೆರಿಕದಲ್ಲಿ ೧೯೯೪ರಿಂದ ಇದನ್ನು ತಾಯಂದಿರಿಗೆ ತಿಳಿಹೇಳತೊಡಗಿದ ಮೇಲೆ, ನಿದ್ರೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಸಂಖ್ಯೆ ಅಮೆರಿಕದಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು, ಬ್ರಿಟನ್ನಿನಲ್ಲಿ ಇನ್ನೂ ಕೆಳಗೆ. ತಲೆ ದುಂಡಗಾಗಲೆಂದು ನಾವು ಇಡುತ್ತಿದ್ದ ಸಾಸಿವೆಯ ದಿಂಬು, ಮೆತ್ತನೆಯ ಕೌದಿ, ಪಕ್ಕದ ಗೊಂಬೆ ಇವೆಲ್ಲ ಈಗ ಬೇಡವೆನ್ನುತ್ತಾರೆ ವೈದ್ಯರು. ಅಜ್ಜಿಯರಿಗೆ ಇದು ರುಚಿಸುವುದಿಲ್ಲ. ರುಚಿಸದಿದ್ದರೂ ವೈದ್ಯರ ಮಾತೇ ನಡೆಯಬೇಕು.

ಇನ್ನು ನಿಶ್ಶಬ್ದ. ಅದು ಅಷ್ಟಾಗಿ ಬೇಕಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ತೊಟ್ಟಿಲು ತೂಗುತ್ತಿದ್ದದ್ದು ನಡುಮನೆಯಲ್ಲಿ, ಒರಳಿನ ಸದ್ದು, ನೆಂಟರ ಮಾತು, ಬೀದಿಯ ಕೂಗುಗಳ ನಡುವೆ. ಎಳೆಯ ಕೂಸು ನಿದ್ರೆಯಲ್ಲೇ ಮುಖ ಸಿಂಡರಿಸುತ್ತದೆ, ನರಳುತ್ತದೆ, ಕೈಕಾಲು ಆಡಿಸುತ್ತದೆ. ಒಡನೆಯೇ ಧಾವಿಸಿ ಎತ್ತಿಕೊಂಡು, ಏಳದ ಮಗುವನ್ನು ನಾವೇ ಎಬ್ಬಿಸುತ್ತೇವೆ. ಅದರ ದೂರು ಅಕ್ಕನ ಮೇಲೆ.

ಹಾಗಾದರೆ ಅಕ್ಕನಿಂದ ಅಪಾಯವೇ ಇಲ್ಲವೇ? ಇದೆ. ಆದರೆ ನಾವು ತಿಳಿದಂತೆ ಅದು ಹೊಟ್ಟೆಕಿಚ್ಚಿನಿಂದಷ್ಟೇ ಬರುವುದಲ್ಲ, ಪ್ರೀತಿಯಿಂದಲೂ ಬರುತ್ತದೆ. ತಂಗಿಗೆ ಚಳಿಯಾದೀತೆಂದು ತನ್ನ ಹೊದಿಕೆಯನ್ನು ಅವಳ ಮುಖದವರೆಗೆ ಎಳೆಯುವವಳು ಅಕ್ಕ. ತನಗೆ ಅತಿ ಪ್ರಿಯವಾದ ಗೊಂಬೆಯನ್ನು ಕೂಸಿನ ಮೂಗಿನ ಬಳಿ ಮಲಗಿಸುವವಳು ಅಕ್ಕ. ತಾನು ತಿನ್ನುವ ಕಡಲೆಬೀಜದಲ್ಲಿ ಒಂದನ್ನು ತಂಗಿಗೆಂದು ಎತ್ತಿಡುವವಳೂ ಅವಳೇ. ಈ ಔದಾರ್ಯವನ್ನು ಗದರಿಸಿದರೆ, ನಾನು ಪ್ರೀತಿಸಿದ್ದೇ ತಪ್ಪೆಂದು ಮಗು ಕಲಿಯುತ್ತದೆ. ಗದರಿಸದೆ ಸುಮ್ಮನಿದ್ದರೆ ಕೂಸಿನ ಉಸಿರಿಗೇ ಸಂಚಕಾರ. ಆದ್ದರಿಂದ ದೊಡ್ಡವರೊಬ್ಬರು ಇಬ್ಬರೂ ಕಣ್ಣಿಗೆ ಕಾಣುವಂತೆ ಕುಳಿತಿರಬೇಕು. ಬೇರೆ ಉಪಾಯ ನನಗೆ ಹೊಳೆದಿಲ್ಲ.

ನಾನು ಕೋಣೆಯ ಬಾಗಿಲನ್ನು ತೆರೆದಿಟ್ಟು, ಹೊಸ್ತಿಲಿನ ಹೊರಗೆ ಚಾಪೆ ಹಾಸಿ, ಅಳಗುಳಿ ಮಣೆಯನ್ನು ಮುಂದಿಟ್ಟುಕೊಳ್ಳುತ್ತೇನೆ. ದಕ್ಷಿಣ ಕನ್ನಡದವರು ಇದನ್ನು ಚೆನ್ನೆಮಣೆ ಎನ್ನುತ್ತಾರೆ. ಹದಿನಾಲ್ಕು ಗುಳಿ, ನಮ್ಮ ಮನೆಯ ಲೆಕ್ಕದಲ್ಲಿ ಗುಳಿಗೆ ಐದರಂತೆ ಎಪ್ಪತ್ತು ಹುಣಿಸೆಬೀಜ. ಗುಲಗಂಜಿ ನೋಡಲು ಚೆಂದ, ಆದರೆ ವಿಷ. ಮಕ್ಕಳಿರುವ ಮನೆಯೊಳಕ್ಕೆ ತರಲೇಬಾರದು. ಮಣೆಯ ಕೆಳಗೆ ಒಂದು ಹಳೆಯ ಪಂಚೆಯನ್ನು ಮಡಿಸಿಹಾಕಿದರೆ ಸದ್ದು ತಗ್ಗುತ್ತದೆ. ಆಟ ಮುಗಿದ ಮೇಲೆ ಐದೈದರ ಗುಂಪು ಮಾಡಿ ಬೀಜಗಳನ್ನು ಎಣಿಸಿ ಡಬ್ಬಿಗೆ ಹಾಕುವ ಅಧಿಕಾರ ಅಕ್ಕನದು. ತಂಗಿ ಈಗ ತೆವಳುತ್ತಾಳೆ, ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ ಎಂಬ ಕಾರಣವನ್ನು ಅವಳಿಗೆ ಹೇಳಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಇಷ್ಟು ಶ್ರದ್ಧೆಯಿಂದ ಲೆಕ್ಕ ಒಪ್ಪಿಸಿದವರು ಕಡಿಮೆ. ಎಣಿಕೆಯನ್ನು ನಾನೂ ಮತ್ತೊಮ್ಮೆ ನೋಡುತ್ತೇನೆ. ಹೊಣೆ ನನ್ನದು, ಅವಳದಲ್ಲ.

ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಹಿರಿಯ ಮಗುವನ್ನು ಸಂಶಯದಿಂದ ದೂರವಿಡುವುದು ಒಂದು ಅನ್ಯಾಯ. “ಈಗ ಬಂದೆ, ಸ್ವಲ್ಪ ನೋಡಿಕೊಂಡಿರು” ಎಂದು ಅದನ್ನೇ ಕಾವಲಿಗೆ ಕೂರಿಸುವುದು ಇನ್ನೊಂದು. ಕಥೆಯ ಬ್ರಾಹ್ಮಣ ಮಾಡಿದ್ದೂ ಇದನ್ನೇ. ಕೂಲಿಗೆ ಹೋಗುವ ತಾಯಂದಿರ ಮನೆಗಳಲ್ಲಿ ಏಳೆಂಟು ವರ್ಷದ ಹೆಣ್ಣುಮಕ್ಕಳು ತಮ್ಮಂದಿರನ್ನು ಕಂಕುಳಲ್ಲಿ ಎತ್ತಿಕೊಂಡೇ ಶಾಲೆಯನ್ನು ಕಳೆದುಕೊಂಡದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ತಾಯಂದಿರನ್ನು ದೂಷಿಸಲು ನನಗೆ ಮನಸ್ಸಿಲ್ಲ. ಅವರಿಗೆ ಹೊಸ್ತಿಲಲ್ಲಿ ಚಾಪೆ ಹಾಸಿ ಕೂರುವ ಬಿಡುವೆಲ್ಲಿ? ೨೦೨೩ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು ಆರಂಭವಾದಾಗ, ಹೆಸರು ಕೂಸಿನದಾದರೂ ಉಪಕಾರವಾಗುವುದು ಅದರ ಅಕ್ಕನಿಗೂ ಎಂದು ನನಗನ್ನಿಸಿತ್ತು.

ಭಾಗವತದಲ್ಲಿಯೂ ಮಲಗಿದ ಕೂಸಿನ ಒಂದು ಪ್ರಸಂಗವಿದೆ. ಯಶೋದೆ ಕೃಷ್ಣನನ್ನು ಬಂಡಿಯ ಕೆಳಗೆ ಮಲಗಿಸಿ ಅತಿಥಿಗಳ ಉಪಚಾರದಲ್ಲಿ ತೊಡಗಿದ್ದಾಳೆ. ಬಂಡಿ ಉರುಳಿಬೀಳುತ್ತದೆ. ಅಳುತ್ತಿದ್ದ ಕೂಸೇ ಒದ್ದಿತೆಂದು ಹತ್ತಿರದಲ್ಲಿದ್ದ ಮಕ್ಕಳು ಕಂಡದ್ದನ್ನು ಕಂಡಂತೆ ಹೇಳುತ್ತಾರೆ. ಗೊಲ್ಲರು ಮಾತ್ರ ಹುಡುಗರ ಮಾತೆಂದು ನಂಬುವುದಿಲ್ಲ. ನಡೆದದ್ದನ್ನು ಸರಿಯಾಗಿ ನೋಡಿದ್ದವರು ಅಲ್ಲಿ ಆ ಮಕ್ಕಳೇ.

ಒಂದು ಮಧ್ಯಾಹ್ನ ಬೀಜಗಳ ಎಣಿಕೆ ಅರವತ್ತೊಂಬತ್ತಕ್ಕೆ ನಿಂತಿತು. ಚಾಪೆ ಕೊಡವಿದೆವು, ಪಂಚೆಯ ಮಡಿಕೆ ಬಿಚ್ಚಿದೆವು. ಅವಳನ್ನು ನಾನು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಮುಷ್ಟಿ ಬಿಚ್ಚಿದಳು: “ಪಾಪು ಎದ್ದ ಮೇಲೆ ತೋರಿಸೋಣ ಅಂತ ಇಟ್ಟುಕೊಂಡಿದ್ದೆ, ತಾತ.” ಕೂಸು ಎದ್ದಿತು. ಬೀಜವನ್ನು ನನ್ನ ಅಂಗೈಯಲ್ಲಿಟ್ಟು ಅದಕ್ಕೆ ತೋರಿಸಿದೆವು. ಅದು ಆಸೆಯಿಂದ ಕೈಚಾಚಿದ ಕೂಡಲೇ, ಅಕ್ಕ ತನ್ನ ಎರಡೂ ಕೈಗಳಿಂದ ನನ್ನ ಬೆರಳುಗಳನ್ನು ಮಡಿಸಿಬಿಟ್ಟಳು.